ಉಪ್ಪು ನೀರಿನ ಪದ್ಯ

ನಮ್ಮ ಮನೆಗೆ ಬಾವಿ ಒಂದೇ, ಅಡಿಗೆಮನೆ ಎರಡು. ನಾನು ಹುಟ್ಟಿದಾಗ ಹಾಗಿರಲಿಲ್ಲ. ನನಗೆ ಎಂಟು ತುಂಬಿದ ವರ್ಷ ಒಂದು ಮಧ್ಯಾಹ್ನ ಅಪ್ಪ ಹೆಣೆದ ತೆಂಗಿನ ಮಡಲಿನ ತಟ್ಟಿಗಳನ್ನು ಹೊತ್ತು ತಂದು ಮನೆಯ ನಟ್ಟನಡುವೆ ಕಟ್ಟಿದ. ಜಗಲಿಯಿಂದ ಹೊರಟ ತಟ್ಟಿ ನಡುಮನೆಯನ್ನು ಸೀಳಿಕೊಂಡು ಹೋಗಿ ಅಡಿಗೆಮನೆಯ ಹಿಂಬಾಗಿಲಲ್ಲಿ ನಿಂತಿತು. ಒಲೆ ಆಚೆ ಪಾಲಿಗೆ ಹೋಯಿತು, ರುಬ್ಬುವ ಕಲ್ಲು ಈಚೆ ಪಾಲಿಗೆ ಬಂತು. ಅಬ್ಬೆ ಒಂದು ವಾರ ಅಂಗಳದಲ್ಲಿ ಮೂರು ಕಲ್ಲಿಟ್ಟು ಗಂಜಿ ಬೇಯಿಸಿದಳು. ಆಚೆ ಕಡೆಯ ದೊಡ್ಡಮ್ಮ ಒಂದು ವಾರ ಕಾಯಿ ರುಬ್ಬದೆ ಬರೀ ಹುಳಿಮೆಣಸಿನ ಮೀನುಸಾರು ಮಾಡಿದಳು. ದೇವರ ಗೂಡು ಗೋಡೆಯ ಸರಿ ನಡುವೆ ಇದ್ದದ್ದರಿಂದ ಅಲ್ಲಿ ಮಾತ್ರ ತಟ್ಟಿಯನ್ನು ಒಂದು ಮೊಳ ತುಂಡು ಮಾಡಿ ಬಿಟ್ಟರು. ದೀಪ ಒಂದೇ ಇತ್ತು, ಒಂದು ದಿನ ಇವರ ಎಣ್ಣೆ, ಇನ್ನೊಂದು ದಿನ ಅವರ ಎಣ್ಣೆ. ಹೊನ್ನಾವರದ ಎದುರು ಶರಾವತಿ ಸಮುದ್ರ ಸೇರುವಲ್ಲಿ ಇರುವ ಕುರ್ವೆ ನಮ್ಮದು. ಸುತ್ತ ನೀರು, ಪೇಟೆಗೆ ಹೋಗಬೇಕೆಂದರೆ ತಾರಿ ದೋಣಿ. ಇಷ್ಟು ಸಣ್ಣ ನೆಲದಲ್ಲಿ ಇಬ್ಬರು ಅಣ್ಣತಮ್ಮಂದಿರು ಮುಖ ನೋಡದೆ ಬದುಕಬೇಕೆಂದರೆ ಎಷ್ಟು ಕಷ್ಟವೆಂದು ಅವರಿಬ್ಬರಿಗೂ ಮೊದಲು ಹೊಳೆದಿರಲಿಲ್ಲ ಅಂತ ಕಾಣುತ್ತದೆ.

ಜಗಳ ಎದ್ದದ್ದು ಹಗ್ಗದಿಂದ. ದೊಡ್ಡಪ್ಪ ನಮ್ಮ ಅಪ್ಪನಿಗಿಂತ ಹನ್ನೊಂದು ವರ್ಷ ದೊಡ್ಡವ, ಸಾಕಿ ದೋಣಿ ಕಲಿಸಿದವ, ಬಾಯಿಗಿಂತ ಮುಂಚೆ ಕೈ ಎತ್ತುವವ. ಹೊಸ ಬಲೆ ನೀರಿಗಿಟ್ಟ ದಿನ ಅಪ್ಪ ಹಗ್ಗ ಹಿಡಿದು ಕೂತಲ್ಲೇ ತೂಕಡಿಸಿದನಂತೆ. ಹಗ್ಗ ಕೈಜಾರಿ ಬಲೆ ಕಲ್ಲಿಗೆ ಸಿಕ್ಕಿ ಹರಿಯಿತು. ದಡಕ್ಕೆ ಬಂದ ಮೇಲೆ ಊರಿನವರೆಲ್ಲ ನೋಡುತ್ತಿರುವಾಗ ದೊಡ್ಡಪ್ಪ ಅಪ್ಪನ ಕೆನ್ನೆಗೆ ಹೊಡೆದ. ಅಪ್ಪನಿಗೆ ಆಗ ಮೂವತ್ತು ದಾಟಿತ್ತು, ನಾನು ಅಬ್ಬೆಯ ಸೆರಗು ಹಿಡಿದು ಅಲ್ಲೇ ನಿಂತಿದ್ದೆ.

"ಇನ್ನ್ ನೀ ನನ್ನ ಹಗ್ಗ ಮುಟ್ಟೂಕೆ ಇಲ್ಲ," ಎಂದ ದೊಡ್ಡಪ್ಪ.

ಸಿಟ್ಟಿನಲ್ಲಿ ಆಡಿದ ಮಾತು ಅದು. ಗಂಜಿ ಉಂಡು ಎದ್ದರೆ ಇಳಿದುಹೋಗುತ್ತಿತ್ತು. ಆದರೆ ಅಪ್ಪ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ, ನೇರ ದೇವಿಯ ಗುಡಿಗೆ ಒಯ್ದ. ನಮ್ಮಲ್ಲಿ ದೋಣಿ ಪಾಲಾಗುವಾಗ ಹಾಗೊಂದು ಕ್ರಮ ಇತ್ತು. ಒಟ್ಟಿಗೆ ಎಳೆದ ಹಗ್ಗವನ್ನು ಗುಡಿಯ ಮೆಟ್ಟಿಲ ಮೇಲೆ ಇಟ್ಟು ಕತ್ತಿಯಿಂದ ಎರಡು ತುಂಡು ಮಾಡಿ, ಒಬ್ಬೊಬ್ಬರು ಒಂದೊಂದು ತುಂಡು ಹಿಡಿದು, ಅವನ ಹಗ್ಗಕ್ಕೆ ನನ್ನ ಕೈಯಿಲ್ಲ, ನನ್ನ ಹಗ್ಗಕ್ಕೆ ಅವನ ಕೈಯಿಲ್ಲ ಎಂದು ಆಣೆ ಹಾಕುವುದು. ಮನಸ್ಸು ಕೂಡಿದ ಮೇಲೆ ಅದೇ ಮೆಟ್ಟಿಲಲ್ಲಿ ಇಬ್ಬರೂ ಸೇರಿ ಒಂದು ತೆಂಗಿನಕಾಯಿ ಒಡೆದರೆ ಆಣೆ ಬಿಟ್ಟುಹೋಗುತ್ತದೆ. ಹೆಚ್ಚಿನವರು ಆರು ತಿಂಗಳಲ್ಲಿ ಕಾಯಿ ಒಡೆಯುತ್ತಿದ್ದರು. ಇವರಿಬ್ಬರೂ, ಅವನು ಮೊದಲು ಬರಲಿ ಎಂದು ಇವನು, ಇವನು ಮೊದಲು ಬರಲಿ ಎಂದು ಅವನು, ಹೀಗೇ ಮೂರು ವರ್ಷ ಕಳೆದರು. ಅಂಗಳದಲ್ಲಿ ಎಂಟು ತೆಂಗಿನ ಮರ ಇದ್ದವು. ಈಗಲೂ ಯಾರ ಮನೆಯಲ್ಲಾದರೂ ಮೂಲೆಯಲ್ಲಿ ಕಾಯಿಯ ರಾಶಿ ನೋಡಿದರೆ ನನಗೆ ಮೊದಲು ಬರುವುದು ಸಿಟ್ಟು.

ತಟ್ಟಿ ಕಣ್ಣಿಗೆ ಮಾತ್ರ ಅಡ್ಡ, ಕಿವಿಗೆ ಅಲ್ಲ. ಆಚೆಯವರು ಸೀನಿದರೆ ಈಚೆ ನಮಗೆ ಗೊತ್ತು. ಅವರ ಒಲೆಯಲ್ಲಿ ಬಂಗಡೆ ಹುರಿದರೆ ನಾವು ಅದರ ವಾಸನೆಯಲ್ಲಿ ಬರೀ ಗಂಜಿ ಉಣ್ಣುತ್ತಿದ್ದೆವು. ದೊಡ್ಡಪ್ಪನ ಮಗಳು ಸುಮಿತ್ರ ನನ್ನದೇ ವಯಸ್ಸಿನವಳು, ನನ್ನದೇ ತರಗತಿ. ನಮ್ಮಿಬ್ಬರಿಗೆ ಯಾರೂ ಆಣೆ ಹಾಕಿಸಿರಲಿಲ್ಲ. ತಟ್ಟಿ ಕಟ್ಟುವ ಮೊದಲು ಇಬ್ಬರಿಗೂ ಸೇರಿ ಒಂದೇ ಕನ್ನಡ ಪುಸ್ತಕ ತರುವುದು ರೂಢಿ, ಆಮೇಲೂ ಅದೇ ನಡೆಯಿತು. ನಾನು ಓದಿ ಮುಗಿಸಿ ತಟ್ಟಿಯ ಬುಡದ ಸಂದಿಯಲ್ಲಿ ಪುಸ್ತಕ ತೂರಿಸುತ್ತಿದ್ದೆ, ಅವಳು ಎಳೆದುಕೊಳ್ಳುತ್ತಿದ್ದಳು. ಬಾಯಿಪಾಠ ಮಾತ್ರ ಇಬ್ಬರದೂ ಒಟ್ಟಿಗೆ, ತಟ್ಟಿಗೆ ಬೆನ್ನು ಕೊಟ್ಟು, ಗಟ್ಟಿ ಸ್ವರದಲ್ಲಿ. ಎರಡೂ ಕಡೆಯ ತಾಯಂದಿರಿಗೆ ಇದೆಲ್ಲ ಗೊತ್ತಿತ್ತು. ಒಮ್ಮೆ ಸಂದಿ ಸಾಲದೆ ಪುಸ್ತಕ ಸಿಕ್ಕಿಕೊಂಡಾಗ ಆಚೆಯಿಂದ ಯಾರೋ ಕತ್ತಿ ತಂದು ಮಡಲನ್ನು ನಾಲ್ಕು ಬೆರಳು ಕೊಯ್ದುಕೊಟ್ಟರು. ಬಳೆಯ ಸದ್ದಿನಿಂದ ಅದು ದೊಡ್ಡಮ್ಮ ಎಂದು ತಿಳಿಯಿತು.

ನನಗೆ ಹನ್ನೊಂದಾಗಿದ್ದಾಗ, ಮಳೆಗಾಲಕ್ಕೆ ದೋಣಿ ಮೇಲೆಳೆಯಲು ಇನ್ನು ಹತ್ತು ದಿನ ಇದೆ ಎನ್ನುವಾಗ ಅದು ಆಯಿತು. ಅದನ್ನು ನಾನು ಕಂಡಿಲ್ಲ, ದೋಣಿಯಲ್ಲಿದ್ದವರು ಹೇಳಿದ್ದು. ಅಳಿವೆಯಲ್ಲಿ, ಎಂದರೆ ಹೊಳೆ ಕಡಲಿಗೆ ಬೀಳುವ ಬಾಯಿಯಲ್ಲಿ, ಮರಳಿನ ದಿಬ್ಬ ಇದೆ. ಗಾಳಿ ಎದ್ದರೆ ಅಲ್ಲಿ ತೆರೆ ಒಡೆಯುತ್ತದೆ. ದೊಡ್ಡಪ್ಪನ ದೋಣಿಯ ಎಂಜಿನ್ ಸರಿಯಾಗಿ ಅಲ್ಲೇ ನಿಂತಿತು. ಹಿಂದಿನಿಂದ ಬರುತ್ತಿದ್ದದ್ದು ನಮ್ಮ ದೋಣಿ. ದೊಡ್ಡಪ್ಪ ಮಾತಾಡಲಿಲ್ಲ, ಹಗ್ಗ ಎಸೆದ. ಹಗ್ಗದ ತುದಿ ಬಂದು ಅಪ್ಪನ ಕಾಲ ಬುಡದಲ್ಲೇ ಬಿತ್ತು. ನಮ್ಮ ದೋಣಿಯ ಗಣಪಿ ಎಂಬವನು ಅದನ್ನು ಹಿಡಿಯಲು ಬಗ್ಗಿದ.

"ಅದು ನಮ್ಮ ದೋಣಿಯವ್ರು ಮುಟ್ಟೂದಲ್ಲ," ಎಂದ ಅಪ್ಪ. ದೋಣಿ ನೂಕುವ ಗಳದಿಂದ ಹಗ್ಗವನ್ನು ಎತ್ತಿ ನೀರಿಗೆ ಬಿಟ್ಟ.

ಸಿಟ್ಟಿನಿಂದ ಬಿಟ್ಟದ್ದಲ್ಲ ಎಂದು ಗಣಪಿ ಸಾಯುವ ತನಕ ಹೇಳುತ್ತಿದ್ದ. ಆಣೆ ಮುರಿದರೆ ದೇವಿ ಮನೆಯಲ್ಲಿ ಯಾರನ್ನು ಹಿಡಿಯುತ್ತಾಳೋ ಎಂಬ ಹೆದರಿಕೆ. ಮನೆಯಲ್ಲಿ ಹಿಡಿಯಲು ಇದ್ದವರು ಅಬ್ಬೆ ಮತ್ತು ನಾನು. ಹಿಂದೆ ಇನ್ನೊಂದು ದೋಣಿ ಬರುತ್ತಾ ಇತ್ತು, ಅವರು ಹಗ್ಗ ಹಿಡಿಯುತ್ತಾರೆ ಎಂದು ಅಪ್ಪ ಎಣಿಸಿದ. ಆ ದೋಣಿ ಬರುವ ಮೊದಲು ತೆರೆ ಬಂತು. ದೋಣಿ ಮಗುಚಿದ ಮೇಲೆ ಅಪ್ಪ ನೀರಿಗೆ ಹಾರಿ ಇಬ್ಬರನ್ನು ಎಳೆದು ಹಾಕಿದ. ಮೂರನೆಯವನಾದ ದೊಡ್ಡಪ್ಪ ಸಿಗಲಿಲ್ಲ. ಎರಡು ದಿನದ ಮೇಲೆ ಅವನ ಹೆಣ ದಡಕ್ಕೆ ಬಂತು. ಗಂಡುಮಕ್ಕಳಿಲ್ಲದ ಮನೆ, ಕೊಳ್ಳಿ ಇಡಬೇಕಾದವ ಅಪ್ಪನೇ. ಅವನು ಹೆಗಲು ಕೊಟ್ಟು ಹೊತ್ತ. ಹೆಣದ ವಿಷಯ ಆಣೆಯಲ್ಲಿ ಇರಲಿಲ್ಲ.

ನನಗೆ ಅಳು ಬರಲಿಲ್ಲ. ದೊಡ್ಡಮ್ಮ ಅತ್ತದ್ದೂ ನನಗೆ ಕೇಳಿಸಲಿಲ್ಲ, ಸೀನು ಕೇಳುವ ಮನೆಯಲ್ಲಿ. ಊರಿನವರು ಬಂದು ಕೂತರು, ಎದ್ದು ಹೋದರು. ಅಪ್ಪನದು ತಪ್ಪು ಎಂದು ಒಬ್ಬರೂ ಹೇಳಲಿಲ್ಲ. ಆಣೆ ಇತ್ತಲ್ಲ ಎಂದರು. ಅಪ್ಪ ಸರಿ ಮಾಡಿದ ಎಂದೂ ಯಾರೂ ಹೇಳಲಿಲ್ಲ. ಹನ್ನೆರಡನೆಯ ದಿನದ ಊಟವಾದ ಮೇಲೆ ಮನೆ ಮೊದಲಿನ ಹಾಗೇ ನಡೆಯತೊಡಗಿತು. ಆಚೆ ಒಲೆ ಉರಿಯಿತು, ಈಚೆ ಒಲೆ ಉರಿಯಿತು, ದೇವರ ದೀಪಕ್ಕೆ ಸರದಿ ಪ್ರಕಾರ ಎಣ್ಣೆ ಬಿತ್ತು. ದೊಡ್ಡಮ್ಮ ಪೇಟೆಯಲ್ಲಿ ಮೀನು ಮಾರಲು ಬುಟ್ಟಿ ಹೊತ್ತಳು. ಅಪ್ಪ ಮಾತ್ರ ಜಗಲಿಯಲ್ಲಿ ಬಲೆ ತೇಪೆ ಹಾಕುತ್ತಾ ಕೂತ. ಹಾಕಿದ ತೇಪೆಯನ್ನೇ ಬಿಚ್ಚಿ ಮತ್ತೆ ಹಾಕುತ್ತಿದ್ದ. ಬಟ್ಟಲಿಗೆ ಹಾಕಿದ ಗಂಜಿಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು. ನಾನು ಒಂದು ತರಹ ಮರಗಟ್ಟಿಹೋಗಿದ್ದೆ. ಚಪ್ಪಲಿಗೆ ಮುಳ್ಳು ಚುಚ್ಚಿ ಕಾಲಿಗೆ ತಾಗಿದರೂ ಮನೆಗೆ ಬಂದು ರಕ್ತ ನೋಡಿದ ಮೇಲೇ ತಿಳಿದದ್ದು.

ಮಳೆ ಹಿಡಿದು ಶಾಲೆ ಶುರುವಾಯಿತು. ಕುಮಟೆಯಿಂದ ಹೊಸ ಅಕ್ಕೋರು ಬಂದಿದ್ದರು. ಕೊಡೆ ಹಿಡಿದು ತಾರಿ ಹತ್ತಲು ಹೆದರುವ, ಒಳ್ಳೆಯ ಸ್ವರದ ಹೆಂಗಸು. ಕುರ್ವೆಯ ಸುದ್ದಿ ಅವರಿಗೆ ಏನೂ ಗೊತ್ತಿರಲಿಲ್ಲ. ಅವರು ಮೊದಲು ಎತ್ತಿಕೊಂಡದ್ದೇ ಪುಸ್ತಕದಲ್ಲಿದ್ದ ಉದ್ದದ ಕಥನಪದ್ಯ. ಒಬ್ಬ ನಾವಿಕ ಹಡಗಿನ ತುಂಬ ಸಿಹಿನೀರಿನ ಪೀಪಾಯಿ ಇಟ್ಟುಕೊಂಡು ದೂರದೇಶಕ್ಕೆ ಹೊರಡುತ್ತಾನೆ. ದಾರಿಯಲ್ಲಿ ಗಾಳಿಯಿಲ್ಲದೆ ನಿಂತ ಒಂದು ದೋಣಿ. ಅದರ ಜನ ಬರಿದಾದ ಚೊಂಬುಗಳನ್ನು ಎತ್ತಿ ತೋರಿಸುತ್ತಾರೆ. ನಾವಿಕ ಮುಖ ತಿರುಗಿಸಿ ಹೋಗುತ್ತಾನೆ. ಮರುದಿನದಿಂದ ಅವನ ಪೀಪಾಯಿಗಳು ಒಂದೊಂದಾಗಿ ಉಪ್ಪಾಗುತ್ತವೆ. ಹಡಗಿನವರೆಲ್ಲ ಸಾಯುತ್ತಾರೆ, ಅವನೊಬ್ಬ ಸಾಯುವುದಿಲ್ಲ. ದಡ ಸೇರಿ ಬಾವಿಗೆ ಓಡಿದರೆ ಬಾವಿಯ ನೀರೂ ಉಪ್ಪು, ಮಳೆಗೆ ಬಾಯಿ ಒಡ್ಡಿದರೆ ಮಳೆಯೂ ಉಪ್ಪು. ಊರಿಂದ ಊರಿಗೆ ಅಲೆಯುತ್ತಾನೆ. ಪದ್ಯ ಅಲ್ಲಿಗೆ ಮುಗಿಯುತ್ತದೆ. ಕೆಳಗೆ ಪ್ರಶ್ನೆ: ನಾವಿಕನು ಮಾಡಿದ ತಪ್ಪೇನು? ಸಮುದ್ರವು ಅವನನ್ನು ಹೇಗೆ ಶಿಕ್ಷಿಸಿತು?

ಮಕ್ಕಳು ಬಾಯಿಪಾಠ ಮಾಡುವಾಗ ಅರ್ಥ ನೋಡುವುದಿಲ್ಲ. ನಾನೂ ಸುಮಿತ್ರಳೂ ತಟ್ಟಿಗೆ ಬೆನ್ನು ಕೊಟ್ಟು ಕೂತು ದಿನಾ ಸಂಜೆ ಆ ಪದ್ಯವನ್ನು ಕೂಗಿದೆವು. ತೇಪೆ ಹಾಕುವ ಅಪ್ಪ ಮೂರು ಮೊಳ ದೂರದಲ್ಲಿ, ಅಕ್ಕಿ ಆರಿಸುವ ದೊಡ್ಡಮ್ಮ ಆಚೆ ಅಷ್ಟೇ ದೂರದಲ್ಲಿ. ಐದನೆಯ ದಿನವೋ ಆರನೆಯ ದಿನವೋ ಅಬ್ಬೆ ಬಂದು ನನ್ನ ತಲೆಗೆ ಮೊಟಕಿ, ಮನಸ್ಸಿನಲ್ಲಿ ಓದೂಕೆ ಆಗೂದಿಲ್ವಾ ಎಂದಾಗಲೇ ನನಗೆ ಹೊಳೆದದ್ದು. ಅಲ್ಲಿಂದ ಹೆದರಿಕೆ ಹತ್ತಿತು. ಪುಸ್ತಕದಲ್ಲಿ ಅಚ್ಚಾದದ್ದು ಸುಳ್ಳಾಗುವುದಿಲ್ಲ ಎಂದು ನಂಬಿದ್ದ ಕಾಲ. ಅಪ್ಪನಿಗೂ ಹಾಗೇ ಆಗುತ್ತದೆ, ಯಾವಾಗ ಎಂಬುದಷ್ಟೇ ಗೊತ್ತಿಲ್ಲ. ನಾನು ದಿನಾ ಬೆಳಿಗ್ಗೆ ಅಪ್ಪನಿಗಿಂತ ಮೊದಲು ಬಾವಿಗೆ ಹೋಗಿ ಒಂದು ಬೊಗಸೆ ನೀರು ಕುಡಿದು ನೋಡತೊಡಗಿದೆ. ಮಳೆಗಾಲದ ಬಾವಿ, ಸಕ್ಕರೆ ಹಾಕಿದಷ್ಟು ಸಿಹಿ.

ಅಬ್ಬೆ ತಲೆಗೆ ಮೊಟಕಿದ ಆ ಸಂಜೆ, ಅವಳು ಒಳಗೆ ಹೋದ ಮೇಲೆ ಅಪ್ಪ ಬಲೆಯಿಂದ ತಲೆ ಎತ್ತದೆ ಕೇಳಿದ.

"ಅಲ್ಲ ಮಗಾ, ಆ ನೀರು ಕೊಡದೇ ಹೋದವ ಮೊದ್ಲೇ ಎಂತಾರೂ ಆಣೆ ಹಾಕಿದ್ನಾ? ಪುಸ್ತಕದಲ್ಲಿ ಬರ್ದಿದ್ರಾ?"

"ಇಲ್ಲ ಅಪ್ಪಾ."

"ಸಮಾ ಕಾಣು."

ನಾನು ಸಮಾ ಕಂಡೆ. ಹಿಂದಿನ ಪುಟ, ಮುಂದಿನ ಪುಟ, ಕೊನೆಯ ಶಬ್ದಾರ್ಥ ಎಲ್ಲವನ್ನೂ ನೋಡಿದೆ.

"ಇಲ್ಲ."

"ಹಂಗಾರೆ ಅಕ್ಕೋರ ಹತ್ರ ಕೇಳ್ಕಂಡು ಬಾ. ಆಣೆ ಇದ್ದು ಕೊಡದಿದ್ರೆ ಎಂತ ಲೆಕ್ಕ ಅಂತ."

ಮರುದಿನ ತರಗತಿಯಲ್ಲಿ ನಾನು ಎದ್ದು ನಿಂತು ಕೇಳಿದೆ. ಸುಮಿತ್ರ ನನ್ನ ಪಕ್ಕದಲ್ಲೇ ಕೂತಿದ್ದಳು. ಕೇಳುವಾಗ ನನಗೆ ನಾಚಿಕೆ ಆಗಲಿಲ್ಲ, ಏನೂ ಆಗಲಿಲ್ಲ. ಅಂಗಡಿಗೆ ಹೋಗಿ ಅಪ್ಪ ಹೇಳಿದ ಸಾಮಾನು ಕೇಳಿದ ಹಾಗೆ ಕೇಳಿದೆ. ಉಳಿದ ಮಕ್ಕಳೆಲ್ಲ ಒಮ್ಮೆಗೇ ಪುಸ್ತಕಕ್ಕೆ ಬಗ್ಗಿದವು. ಅಕ್ಕೋರಿಗೆ ಪ್ರಶ್ನೆ ಬಹಳ ಹಿಡಿಸಿತು. ಸೀಮೆಸುಣ್ಣ ಕೆಳಗಿಟ್ಟರು.

"ಒಳ್ಳೆ ಪ್ರಶ್ನೆ ಕೇಳಿದೆ. ಆಣೆ ಹಾಕಿದ್ದರೆ ಅವನ ತಪ್ಪು ಒಂದಲ್ಲ, ಎರಡು. ಅಂಥಾ ಆಣೆ ಹಾಕಿದ್ದು ಒಂದು, ಜೀವ ಹೋಗುವಾಗಲೂ ಅದನ್ನ ಪಾಲಿಸಿದ್ದು ಇನ್ನೊಂದು. ಆತು, ಕೂತ್ಕೋ."

ಶಾಲೆಯಿಂದ ಮನೆಗೆ ಹೊಳೆಯ ಅಂಚಿನಲ್ಲೇ ದಾರಿ. ಸುಮಿತ್ರಳೂ ನಾನೂ ಮಳೆಗೆ ತಲೆ ಮೇಲೆ ಒಂದೇ ಎಲೆಯ ಗೊರಬು ಹಿಡಿದು ಬಂದೆವು. ಅಂಗಳದಲ್ಲಿ ಅವಳು ಆಚೆ ಬಾಗಿಲಿಗೆ ಹೋದಳು, ನಾನು ಈಚೆ ಬಾಗಿಲಿಗೆ ಬಂದೆ. ಅಪ್ಪ ಬಲೆ ಕೆಳಗಿಟ್ಟು ಕಾಯುತ್ತಿದ್ದ. ಆ ಮುಖ ನೋಡಿ ನನಗೆ ಒಂದು ವಿಷಯ ತಿಳಿಯಿತು. ಒಂದು ತಿಂಗಳಿಂದ ಇಡೀ ಊರು ಹೇಳದೆ ಬಿಟ್ಟದ್ದನ್ನು ಯಾರಾದರೂ ಹೇಳಿಬಿಡಲಿ ಎಂದು ಅವನು ಕೂತಿದ್ದಾನೆ, ಮತ್ತು ಹೇಳಬೇಕಾದವಳು ನಾನು.

"ಆಣೆ ಹಾಕಿದ್ರೆ ಅಂವಂದು ತಪ್ಪಿಲ್ವಂತೆ," ಎಂದೆ. "ಅಕ್ಕೋರು ಹೇಳಿದ್ರು."

ಆಚೆ ಸುಮಿತ್ರ ಪಾಟಿಚೀಲ ಇಳಿಸುತ್ತಿದ್ದವಳು ನಿಂತಳು. ಸದ್ದು ನಿಂತದ್ದು ಕೇಳಿಸಿತು. ಒಂದು ಮಾತು ಅವಳು ಆಡಿದ್ದರೆ ಸಾಕಿತ್ತು. ಸತ್ತದ್ದು ಅವಳ ಅಪ್ಪ, ಸುಳ್ಳು ಹೇಳಿದ್ದು ನಾನು, ತಟ್ಟಿ ಬರೀ ಮಡಲಿನದು. ಅವಳು ಚೀಲವನ್ನು ಮೊಳೆಗೆ ಸಿಕ್ಕಿಸಿ, ನಾವು ಹಿಂದಿನ ದಿನ ನಿಲ್ಲಿಸಿದ ಸಾಲಿನಿಂದ ಪದ್ಯ ಹೇಳಲು ಶುರುಮಾಡಿದಳು. ನಾನು ಸ್ವರ ಸೇರಿಸಿದೆ. ಅಪ್ಪ ಆ ದಿನ ಗಂಜಿ ಪೂರ್ತಿ ಉಂಡ. ನೂಲುಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಮೇಲೆ ದೋಣಿ ಇಳಿಸಿದ.

ಸುಮಿತ್ರ ಈಗ ಭಟ್ಕಳದಲ್ಲಿದ್ದಾಳೆ, ಮನೆಯಲ್ಲೇ ಹೊಲಿಗೆ. ನಾನು ಕುಮಟೆಯ ಕಾಲೇಜೊಂದರ ಲೈಬ್ರರಿಯಲ್ಲಿ ಮೂವತ್ತು ವರ್ಷ ಪುಸ್ತಕ ಜೋಡಿಸಿ ನಿವೃತ್ತಳಾದವಳು. ಹೋದ ವರ್ಷ ಫೋನಿನಲ್ಲಿ ಮೊದಲ ಸಲ ಅವಳನ್ನು ಕೇಳಿದೆ, ಆ ದಿನ ಯಾಕೆ ಸುಮ್ಮನಿದ್ದೆ ಎಂದು.

"ಎಂತ ಹೇಳೂದಿತ್ತೆ?" ಎಂದಳು. "ಚಿಕ್ಕಪ್ಪ ಉಣ್ತಿರ್ಲಿಲ್ಲ. ಬಟ್ಟಲು ಅರ್ಧಕ್ಕೇ ಸರಿಸೂದು ನಮ್ಗೆ ದಿನಾ ಕೇಳ್ತಿತ್ತು."

ಅಪ್ಪನನ್ನು ಸಮುದ್ರ ಏನೂ ಮಾಡಲಿಲ್ಲ. ಇದನ್ನು ಹೇಳಿಬಿಡಬೇಕು, ಯಾಕೆಂದರೆ ನಾನು ಬಹಳ ವರ್ಷ ಕಾದೆ. ದೋಣಿ ಹೋದ ದಿನವೆಲ್ಲ ತರಗತಿಯ ಕಿಟಕಿಯಿಂದ ಅಳಿವೆಯ ಕಡೆಗೇ ಕಣ್ಣು. ಅವನು ದಿನಾ ತಿರುಗಿ ಬಂದ. ಬಂಗಡೆ ತಂದ, ಸೆಟ್ಲಿ ತಂದ, ಕೆಲವು ದಿನ ಬರಿಗೈಯಲ್ಲಿ ಬಂದ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮಂಚದ ಮೇಲೆ, ಹಗಲು ಹೊತ್ತಿನಲ್ಲಿ ಸತ್ತ. ಶಿಕ್ಷೆ ಎಂದು ಬೊಟ್ಟು ಮಾಡಿ ತೋರಿಸುವಂಥದ್ದು ಇದ್ದರೆ ಒಂದೇ, ಅದೂ ನಾಲ್ಕು ದಿನದ್ದು.

ಪದ್ಯ ಕಲಿತ ಮರುವರ್ಷದ ಬೇಸಿಗೆ ಅದು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು, ನಾನು ಅಕ್ಕೋರು ಬರೆಸಿದ್ದನ್ನೇ ಬರೆದಿದ್ದೆ. ನಮ್ಮ ಕುರ್ವೆಯಲ್ಲಿ ಬೇಸಿಗೆ ಬಲಿತು ಹೊಳೆ ಬತ್ತಿದರೆ ಕಡಲ ನೀರು ಒಳಗೆ ಏರಿ ಬಾವಿಗಳೆಲ್ಲ ಉಪ್ಪಾಗುತ್ತವೆ. ಪ್ರತಿ ವರ್ಷ ಆಗುವುದೇ. ಆಗ ಹೆಂಗಸರು ದೋಣಿಯಲ್ಲಿ ಕೊಡ ಹೇರಿಕೊಂಡು ಆಚೆ ದಡದಿಂದ ಕುಡಿಯುವ ನೀರು ತರುತ್ತಾರೆ. ಆ ವರ್ಷವೂ ಅಬ್ಬೆ ತಂದಳು, ದೊಡ್ಡಮ್ಮನೂ ತಂದಳು, ಅದೇ ದೋಣಿ, ಅದೇ ಬಾವಿ. ಮಧ್ಯಾಹ್ನ ಊಟಕ್ಕೆ ಕೂತ ಅಪ್ಪ ಚೊಂಬು ಎತ್ತಿ ಒಂದು ಗುಟುಕು ಕುಡಿದು ಕೆಳಗಿಟ್ಟ.

"ಉಪ್ಪು."

"ನಮ್ಮ ಬಾವಿದಲ್ಲ, ಆಚೆ ದಡದ್ದು," ಎಂದಳು ಅಬ್ಬೆ.

"ಇದೂ ಉಪ್ಪು."

ನಾನು ಕುಡಿದು ನೋಡಿದೆ. ಸಿಹಿಯಾಗಿತ್ತು. ಅಬ್ಬೆ ಬೇರೆ ಕೊಡದಿಂದ ತಂದುಕೊಟ್ಟಳು. ಅಪ್ಪ ನಾಲಿಗೆಗೆ ತಾಗಿಸಿ ಇಟ್ಟುಬಿಟ್ಟ. ಎಳನೀರು ಕೊಯ್ದು ಕೊಟ್ಟಳು, ಅದೂ ಉಪ್ಪು ಎಂದ. ಪದ್ಯದ ಒಂದೊಂದೇ ಸಾಲು ನಮ್ಮ ಜಗಲಿಗೆ ಬಂದು ಕೂತಿತ್ತು, ಕೂಗಿ ಕರೆದವಳು ನಾನೇ. ಅಪ್ಪನ ಸಿಟ್ಟಿಲ್ಲದ, ಅಳುವಿಲ್ಲದ ಮುಖ ನೋಡಿದರೆ, ನನ್ನ ಸುಳ್ಳು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ಆವತ್ತಿನಿಂದ ಅವನು ಕಾಯುತ್ತಲೇ ಇದ್ದ ಎನಿಸಿತು. ಎರಡನೆಯ ದಿನ ತುಟಿ ಒಡೆಯಿತು. ಮೂರನೆಯ ದಿನ ಎದ್ದು ಕೂರಲಿಲ್ಲ. ಹೊನ್ನಾವರದಿಂದ ಬಂದ ಡಾಕ್ಟರು ನಾಲಿಗೆ, ಕಣ್ಣು ನೋಡಿ, ಇವರಿಗೆ ರೋಗ ಏನಿಲ್ಲ, ನೀರು ಕುಡಿಯದಿದ್ದರೆ ಉಳಿಯುವುದಿಲ್ಲ ಎಂದು ಹೇಳಿಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಅಬ್ಬೆ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೊಂಬು ಹಿಡಿದು ಕೂತಿದ್ದಳು. ಒಂದೇ ಗುಟುಕು, ನನ್ನ ಸಲುವಾಗಿ ಅಲ್ಲ, ಹುಡುಗಿಯ ಸಲುವಾಗಿ ಎನ್ನುತ್ತಿದ್ದಳು. ಅಪ್ಪ ಬಾಯಿ ಮುಚ್ಚಿಕೊಂಡೇ ಇದ್ದ. ಆಚೆ ಅಕ್ಕಿ ಆರಿಸುವ ಮೊರದ ಸದ್ದು ನಿಂತಿತು. ದೊಡ್ಡಮ್ಮ ಎದ್ದು ತಟ್ಟಿಯ ಹತ್ತಿರ ಬಂದಳು. ಮಡಲಿನ ಸಂದಿಯಲ್ಲಿ ಅವಳ ಸೀರೆಯ ಬಣ್ಣ ಕಂಡಿತು. ತಟ್ಟಿ ಕಟ್ಟಿದ ದಿನದಿಂದ ಆಕೆ ಅಪ್ಪನ ಹತ್ತಿರ ಒಂದು ಮಾತು ಆಡಿರಲಿಲ್ಲ. ಗಂಡನ ಹೆಣವನ್ನು ಅವನು ಹೊತ್ತು ತಂದಾಗಲೂ ಆಡಿರಲಿಲ್ಲ.

"ಮಾದೇವಾ," ಎಂದು ಅಪ್ಪನ ಹೆಸರು ಹಿಡಿದು ಕರೆದಳು.

ಅಪ್ಪ ಕಣ್ಣು ಬಿಟ್ಟ.

"ನಂಗೂ ಉಪ್ಪೇ ಆತದೆ. ಆವತ್ತಿಂದ ಎಂತ ಕುಡಿದ್ರೂ ಉಪ್ಪೇ. ಕುಡೀತೆ ಇದ್ದೆ. ನೀನೂ ಕುಡಿ."

ಪದ್ಯದಲ್ಲಿ ಇದು ಇರಲಿಲ್ಲ. ಅಲ್ಲಿ ಆ ನಿಂತ ದೋಣಿಯಲ್ಲಿ ನೀರಿಲ್ಲದೆ ಸತ್ತವರ ಮನೆಯವರು ಬರುವುದೇ ಇಲ್ಲ, ಅವರ ಬಾಯಿಗೆ ನೀರು ಹೇಗಿತ್ತು ಎಂದು ಕೆಳಗಿನ ಪ್ರಶ್ನೆಗಳಲ್ಲೂ ಕೇಳಿರಲಿಲ್ಲ. ದೊಡ್ಡಮ್ಮ ತಟ್ಟಿಯ ಹತ್ತಿರದಿಂದ ಹೋಗಲಿಲ್ಲ. ಸುಮಿತ್ರಳನ್ನು ಕರೆದು ನೀರು ತರಿಸಿ, ಅಲ್ಲೇ ನಿಂತು, ನಮಗೆಲ್ಲ ಕೇಳುವ ಹಾಗೆ ಕುಡಿದಳು. ಅವಳು ಖಾಲಿ ಚೊಂಬನ್ನು ನೆಲಕ್ಕಿಟ್ಟ ಸದ್ದು ಬಂದ ಮೇಲೆ ಅಪ್ಪ ತನ್ನದಕ್ಕೆ ಕೈ ಚಾಚಿದ.